ಕಾಗದದ ಮಕ್ಕಳು

ವ್ಯವಹಾರದಲ್ಲಿ ಸಂದೇಹ ಬಂದಾಗ ಅದನ್ನು ನಿರ್ಣಯಿಸುವುದಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯಸ್ಮೃತಿಯು ಹೇಳಿರುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ್ದು ಈ ಸ್ಮೃತಿಗೇ. ಒಬ್ಬನು ಸ್ವಹಸ್ತದಿಂದ ಬರೆದ ಪತ್ರವು ಸಾಕ್ಷಿಗಳಿಲ್ಲದಿದ್ದರೂ ಪ್ರಮಾಣವೆಂದು ಒಪ್ಪುವ ಸ್ಮೃತಿಕಾರನು, ಬಲಾತ್ಕಾರದಿಂದಲಾಗಲಿ ಕಪಟದಿಂದಲಾಗಲಿ ಹುಟ್ಟಿದ ಪತ್ರವನ್ನು ಮಾತ್ರ ಹೊರಗಿಡುತ್ತಾನೆ. ಈ ಮಾತು ನ್ಯಾಯಸ್ಥಾನಕ್ಕೆ ಎಷ್ಟು ಸಲ್ಲುವುದೋ ಚರಿತ್ರೆಯ ಪಾಠಕ್ಕೂ ಅಷ್ಟೇ ಸಲ್ಲುತ್ತದೆ. ಜನರು ದೇಶದಿಂದ ದೇಶಕ್ಕೆ ವಲಸೆ ಹೋದ ಕಥೆಯನ್ನು ಪಠ್ಯಪುಸ್ತಕದಿಂದ ಒಪ್ಪಿಸುವುದಕ್ಕಿಂತ ಮೂಲಪತ್ರಗಳಿಂದಲೂ, ವೃದ್ಧರ ಬಾಯಿಂದ ಕೇಳಿದ ನೆನಪುಗಳಿಂದಲೂ ಕಲಿಸುವುದು ಮೇಲೆಂದು ಈಚಿನ ಉಪಾಧ್ಯಾಯರು ಹೇಳುತ್ತಾರೆ. ಇವೆರಡೂ ಒಂದಕ್ಕೊಂದು ವಿರೋಧಿಸಿದರೆ ಯಾವುದನ್ನು ನಂಬತಕ್ಕದ್ದು? ಮೊಹರು ಬಿದ್ದ ಕಾಗದವನ್ನೇ ನಂಬಬೇಕೆಂದು ಬಹುಮಂದಿ ಥಟ್ಟನೆ ಉತ್ತರ ಕೊಡುವರು. ಆ ಕಾಗದವೇ ಬಲಾತ್ಕಾರ ಕಪಟಗಳೆರಡರಿಂದಲೂ ಹುಟ್ಟಿದ್ದಾದರೆ ಏನು ಗತಿಯೆಂಬುದನ್ನು ಅಮೆರಿಕಾ ದೇಶಕ್ಕೆ ಹೋದ ಚೀನೀಯರ ಚರಿತ್ರೆಯು ಚೆನ್ನಾಗಿ ತೋರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಸುದ್ದಿಯನ್ನು ಕೇಳಿ ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ರೈತರು ಸಾವಿರಗಟ್ಟಲೆಯಾಗಿ ಕಡಲು ದಾಟಿದರು. 1869ರಲ್ಲಿ ಮುಗಿದ ಖಂಡಾಂತರ ರೈಲು ದಾರಿಯ ಪಶ್ಚಿಮ ಭಾಗದಲ್ಲಿ ಬೆಟ್ಟಗಳನ್ನು ಕೊರೆದವರಲ್ಲಿ ಇವರೇ ಹೆಚ್ಚು. ಕೆಲಸವು ಮುಗಿದು ಕೂಲಿಗೆ ಸ್ಪರ್ಧೆಯುಂಟಾಗಲು ಇವರ ಮೇಲೆ ದ್ವೇಷ ಬೆಳೆಯಿತು. 1882ರಲ್ಲಿ ಅಲ್ಲಿಯ ಸರಕಾರವು ಚೀನೀ ಕೂಲಿಗಾರರು ದೇಶವನ್ನು ಪ್ರವೇಶಿಸಕೂಡದೆಂದು ಶಾಸನ ಮಾಡಿತು. ವರ್ತಕರು, ವಿದ್ಯಾರ್ಥಿಗಳು, ಉಪಾಧ್ಯಾಯರು ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿಯುಂಟಾಯಿತು. ಆದರೆ ಅಮೆರಿಕಾದ ನೆಲದಲ್ಲಿ ಹುಟ್ಟಿದ ಚೀನೀಯನೂ ಆ ದೇಶದ ಪ್ರಜೆಯೇ ಎಂದು 1898ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅಂಥ ಪ್ರಜೆಗೆ ಚೀನದಲ್ಲಿ ಹುಟ್ಟಿದ ಮಕ್ಕಳಿಗೂ ಪ್ರವೇಶದ ಹಕ್ಕು ದೊರೆಯಿತು. ಮುಚ್ಚಿದ ಕೋಟೆಯಲ್ಲಿ ಉಳಿದ ದಿಡ್ಡಿಬಾಗಿಲು ಇದೊಂದೇ.

1906ನೆಯ ಇಸವಿ ಏಪ್ರಿಲ್ 18ರಂದು ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಭೂಕಂಪವಾಯಿತು. ಅದರ ಬೆನ್ನಿಗೆ ಎದ್ದ ಬೆಂಕಿಯಲ್ಲಿ ನಗರದ ಜನನದ ದಾಖಲೆಗಳು ಸುಟ್ಟುಹೋದುವು. ತಾನು ಇಲ್ಲಿಯೇ ಹುಟ್ಟಿದವನೆಂದು ಹೇಳುವವನ ಮಾತನ್ನು ಸುಳ್ಳೆನ್ನುವುದಕ್ಕೆ ಅಲ್ಲಿಂದ ಮುಂದೆ ಪುಸ್ತಕದ ಆಧಾರವಿಲ್ಲದಂತಾಯಿತು. ಹೀಗೆ ಪ್ರಜೆಗಳಾದವರು ಚೀನಕ್ಕೆ ಹೋಗಿ ಹಿಂದಿರುಗುವಾಗಲೆಲ್ಲ ಅಲ್ಲಿ ತಮಗೊಬ್ಬ ಮಗನು ಹುಟ್ಟಿದನೆಂದು ಅಧಿಕಾರಿಗಳಲ್ಲಿ ಬರೆಯಿಸುತ್ತಿದ್ದರು. ಮಗನು ಹುಟ್ಟಿರದಿದ್ದರೂ ಆ ಸ್ಥಾನವು ಕಾಗದದಲ್ಲಿ ಉಳಿಯುತ್ತಿತ್ತು. ಕೆಲವು ವರ್ಷಗಳ ಮೇಲೆ ನೆಂಟರ ಮಗನಾಗಲಿ, ಹಣ ಕೊಟ್ಟ ಪರರ ಮಗನಾಗಲಿ ಆ ಹೆಸರನ್ನು ಹೊತ್ತು ಹಡಗು ಹತ್ತುತ್ತಿದ್ದನು. ಇಂಥವರಿಗೆ ‘ಕಾಗದದ ಮಕ್ಕಳು’ ಎಂಬ ಹೆಸರು ಬಂದಿತು.

ಸರಕಾರಕ್ಕೆ ಈ ಉಪಾಯವು ತಿಳಿಯದೆ ಇರಲಿಲ್ಲ. 1910ರಿಂದ 1940ರ ವರೆಗೆ ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿ ಬಂದವರನ್ನು ತಡೆದು ವಿಚಾರಿಸುವ ಠಾಣೆಯಿದ್ದಿತು. ಜಪಾನೀಯರು, ರಷ್ಯನರು, ಪಂಜಾಬಿನಿಂದ ಹೋದ ಭಾರತೀಯರು ಮುಂತಾದವರೂ ಅಲ್ಲಿ ತಡೆಯಲ್ಪಟ್ಟರು. ಆದರೆ ಹೆಚ್ಚು ದಿನ ಕೂಡಿಹಾಕಲ್ಪಟ್ಟವರು ಚೀನೀಯರೇ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು, ಅಪರೂಪಕ್ಕೆ ಒಂದು ವರ್ಷಕ್ಕೂ ಮಿಕ್ಕ ಕಾಲ ಅಲ್ಲಿ ಕಳೆಯಿತು. ಹುಡುಗನೊಬ್ಬನನ್ನು ಕೂರಿಸಿಕೊಂಡು ಅಧಿಕಾರಿಗಳು ಕೇಳುತ್ತಿದ್ದ ಪ್ರಶ್ನೆಗಳು ವಿಚಿತ್ರವಾಗಿರುತ್ತಿದ್ದುವು. ನಿಮ್ಮ ಮನೆಗೆ ಮೆಟ್ಟಿಲುಗಳೆಷ್ಟು? ಅಕ್ಕಿಯ ಪೆಟ್ಟಿಗೆಯಿರುವುದು ಯಾವ ಮೂಲೆಯಲ್ಲಿ? ಎರಡನೆಯ ಸಾಲಿನ ಮೂರನೆಯ ಮನೆಯಲ್ಲಿರುವವರಾರು? ಊರ ಬಾವಿ ಎಲ್ಲಿದೆ? ಇದೇ ಪ್ರಶ್ನೆಗಳನ್ನು ತಂದೆಯೆಂದು ಹೇಳಿಕೊಂಡವನಿಗೂ ಬೇರೆಯಾಗಿ ಕೇಳುತ್ತಿದ್ದರು. ಉತ್ತರಗಳು ಹೊಂದದಿದ್ದರೆ ಹುಡುಗನು ಬಂದ ಹಡಗಿನ ದಾರಿಯಲ್ಲಿಯೇ ಹಿಂದಿರುಗಬೇಕಾಗುತ್ತಿತ್ತು.

ಆದಕಾರಣ ಹುಡುಗರು ಉತ್ತರಗಳ ಪುಸ್ತಕವನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿ, ದಡವು ಸಮೀಪಿಸಿದಾಗ ಅದನ್ನು ಸಮುದ್ರಕ್ಕೆಸೆಯುತ್ತಿದ್ದರು. ಠಾಣೆಯ ಅಡಿಗೆಮನೆಯಲ್ಲಿದ್ದ ಚೀನೀಯರ ಮೂಲಕವೂ ಉತ್ತರದ ಚೀಟಿಗಳು ಗುಟ್ಟಾಗಿ ಒಳಕ್ಕೆ ಬರುತ್ತಿದ್ದುವು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ನಿಜವಾದ ಮಗನಿಗೂ ಈ ಬಾಯಿಪಾಠವು ತಪ್ಪಲಿಲ್ಲ. ತನ್ನ ಮನೆಯ ಮೆಟ್ಟಿಲುಗಳನ್ನು ಎಣಿಸಿ ನೆನಪಿಟ್ಟುಕೊಂಡವರು ಯಾರಿದ್ದಾರೆ? ಮರೆತು ತಪ್ಪಿದ ನಿಜವಾದ ಮಗನು ಸುಳ್ಳನೆನಿಸಿಕೊಳ್ಳಬಹುದಾಗಿತ್ತು. ಮರೆಯದೆ ಒಪ್ಪಿಸಿದ ಕಾಗದದ ಮಗನು ನಿಜವೆನಿಸಿಕೊಳ್ಳುತ್ತಿದ್ದನು.

ಈ ವಿಚಾರಣೆಗಳ ಕಡತಗಳು ಸಾನ್‌ಫ್ರಾನ್ಸಿಸ್ಕೋ ಸಮೀಪದ ಸಾನ್ ಬ್ರೂನೋ ಎಂಬಲ್ಲಿಯ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿವೆ. ಭಾವಚಿತ್ರ, ತಾರೀಖು, ಸಹಿ, ಊರಿನ ನಕ್ಷೆ ಎಲ್ಲವೂ ಅವುಗಳಲ್ಲಿ ದೊರೆಯುತ್ತವೆ. ಮೂಲಪತ್ರವೆಂದರೆ ಇದಕ್ಕಿಂತ ಮೇಲಾದುದು ಬೇಕೆ? ಆದರೂ ಅವುಗಳಲ್ಲಿ ಎಷ್ಟೋ ತಂದೆ ಮಕ್ಕಳು ತಂದೆ ಮಕ್ಕಳೇ ಅಲ್ಲ. 1943ರಲ್ಲಿ ಪ್ರವೇಶನಿಷೇಧದ ಶಾಸನವು ರದ್ದಾಯಿತು. ಆದರೆ ವರ್ಷಕ್ಕೆ 105 ಮಂದಿ ಚೀನೀಯರಿಗೆ ಮಾತ್ರ ಅನುಮತಿಯಿತ್ತಾದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು. 1956ರಿಂದ 1965ರ ವರೆಗೆ ಸರಕಾರವು ನಿಜವನ್ನು ಒಪ್ಪಿಕೊಳ್ಳುವವರಿಗೆ ಅವಕಾಶವಿತ್ತಾಗ 13,000ಕ್ಕೂ ಮಿಕ್ಕ ಜನರು ಮುಂದೆ ಬಂದರು. ಒಬ್ಬನು ಒಪ್ಪಿದರೆ ಅದೇ ಕಾಗದದ ವಂಶದಲ್ಲಿದ್ದ ಇತರರ ಗುಟ್ಟೂ ಬಯಲಾಗುತ್ತಿತ್ತಾದ್ದರಿಂದ ಅನೇಕರು ಬಾಯಿ ಬಿಡದೆಯೇ ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಚೀನೀ ಲಿಪಿಯಲ್ಲಿ ನಿಜವಾದ ಹೆಸರನ್ನೂ ಇಂಗ್ಲಿಷಿನಲ್ಲಿ ಕಾಗದದ ಹೆಸರನ್ನೂ ಕೆತ್ತಿಸಿದ ಮನೆತನಗಳುಂಟು.

ಈ ಮೌನವನ್ನು ಬಿಡಿಸಿದುದು ಬಾಯಿಮಾತಿನ ಚರಿತ್ರೆ. 1970ರಲ್ಲಿ ದ್ವೀಪದ ಹಳೆಯ ಕಟ್ಟಡವನ್ನು ಕೆಡಹಬೇಕೆಂದಿದ್ದಾಗ, ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನರಕ್ಷಕನು ಮರದ ಗೋಡೆಗಳಲ್ಲಿ ಕೊರೆದಿದ್ದ ಚೀನೀ ಅಕ್ಷರಗಳನ್ನು ಕಂಡು ಅವುಗಳ ಬೆಲೆಯನ್ನು ಊಹಿಸಿದನು. ಅವು ಬಂಧಿತರು ಬರೆದ ಪದ್ಯಗಳು. ಕಟ್ಟಡವು ಉಳಿಯಿತು. ಹಿಮ್ ಮಾರ್ಕ್ ಲಾಯ್, ಜೆನ್ನಿ ಲಿಮ್, ಜೂಡಿ ಯುಂಗ್ ಎಂಬ ಮೂವರು ಆ ಪದ್ಯಗಳನ್ನೂ, ಬದುಕಿದ್ದ ವೃದ್ಧರ ನಿರೂಪಣೆಗಳನ್ನೂ ಸಂಗ್ರಹಿಸಿ 1980ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. 1931–32ರ ಸುಮಾರಿನಲ್ಲಿ ಇಬ್ಬರು ಬಂಧಿತರು ಮಾಡಿಕೊಂಡಿದ್ದ ಪ್ರತಿಗಳೂ ದೊರೆತುದರಿಂದ, ತಾಳೆಯೋಲೆಗಳನ್ನು ಶೋಧಿಸುವ ಪಂಡಿತರಂತೆ ಪಾಠಾಂತರಗಳನ್ನು ನೋಡುವುದು ಸಾಧ್ಯವಾಯಿತು. ಹೆಂಗಸರಿದ್ದ ಕಟ್ಟಡವು 1940ರಲ್ಲಿ ಬೆಂಕಿಗೆ ಆಹುತಿಯಾದ ಕಾರಣ ಅವರ ಗೋಡೆಗಳು ಉಳಿಯಲಿಲ್ಲ. ಅವರ ಅನುಭವವನ್ನು ತಿಳಿಯುವುದಕ್ಕೆ ಬಾಯಿಮಾತಿನ ಆಶ್ರಯವು ಬಹಳವಾಗಿ ಬೇಕಾಯಿತು. ಸಂಗ್ರಾಹಕರಲ್ಲಿ ಒಬ್ಬರಾದ ಲಾಯ್ ಅವರ ಮನೆತನದ ನಿಜವಾದ ಹೆಸರು ಲಾಯ್ ಅಲ್ಲ, ಮಾರ್ಕ್. ತಂದೆಯು ಕಾಗದದ ಹೆಸರಿನಿಂದ ಬಂದವನಾಗಿ, ನಿಜವಾದ ವಂಶನಾಮವನ್ನು ಮಗನ ಹೆಸರಿನ ನಡುವೆ ಸೇರಿಸಿಟ್ಟನು. ವೃತ್ತಿಯಿಂದ ಇಂಜಿನಿಯರಾಗಿದ್ದ ಈ ಮಗನೇ 1969ರಲ್ಲಿ ಸಾನ್‌ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಅಮೆರಿಕಾದ ಚೀನೀಯರ ಚರಿತ್ರೆಯನ್ನು ಸಂಗಡಿಗರೊಬ್ಬರೊಡನೆ ಬೋಧಿಸಲಾರಂಭಿಸಿದರು.

ಇಂಥ ಸಾಮಗ್ರಿಯನ್ನು ತರಗತಿಯಲ್ಲಿ ಇಡುವ ಕ್ರಮದಲ್ಲಿಯೇ ಪಾಠವು ಅಡಗಿದೆ. ಮೊದಲು ತಂದೆ ಮಗನ ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟರೆ, ಎರಡೂ ಹೊಂದುತ್ತವೆಯಾದ್ದರಿಂದ ಸತ್ಯವೆಂದು ವಿದ್ಯಾರ್ಥಿಗಳು ನಿರ್ಣಯಿಸುವರು. ಅನಂತರ ಬಾಯಿಪಾಠದ ಚೀಟಿಯನ್ನು ತೋರಿಸಿದರೆ, ಹೊಂದಿಕೆಯೇ ಸತ್ಯದ ಲಕ್ಷಣವಲ್ಲವೆಂಬುದು ಯಾರೂ ಹೇಳದೆಯೇ ಅವರಿಗೆ ಹೊಳೆಯುವುದು. ಹಾಗೆಂದು ಕಡತವನ್ನು ಕಸವೆಂದೆಸೆಯುವುದೂ ತಪ್ಪು. ಆ ಹುಡುಗನು ಯಾರ ಮಗನೆಂಬುದನ್ನು ಅದು ಹೇಳದಿರಬಹುದು. ಸರಕಾರವು ಯಾರನ್ನು ಎಷ್ಟು ಶಂಕಿಸಿತು, ಯಾವ ಪ್ರಶ್ನೆ ಕೇಳಿತು ಎಂಬುದನ್ನು ತಪ್ಪದೆ ಹೇಳುತ್ತದೆ. ವೃದ್ಧನ ನೆನಪೂ ನಿರ್ದೋಷವಲ್ಲ. ಐವತ್ತು ವರ್ಷಗಳಲ್ಲಿ ತಾರೀಖುಗಳು ಜಾರುತ್ತವೆ, ಇತರರಿಂದ ಕೇಳಿದುದು ತನ್ನದಾಗುತ್ತದೆ. ಆದುದರಿಂದ ಹೇಳಿದವರು ಯಾರು, ಯಾರ ಮುಂದೆ ಹೇಳಿದರು, ಎಷ್ಟು ಕಾಲದ ಮೇಲೆ ಹೇಳಿದರು, ಹೇಳುವಾಗ ಯಾವ ಭಯವಿದ್ದಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕಾಗದಕ್ಕೂ ಬಾಯಿಮಾತಿಗೂ ಸಮನಾಗಿ ಹಾಕುವುದೇ ನ್ಯಾಯ. ಸ್ಮೃತಿಕಾರನು ಎಣಿಸಿದ ಬಲಾತ್ಕಾರವು ಇಲ್ಲಿ ಅಧಿಕಾರಿಯ ಕಡೆಯಲ್ಲಿಯೂ ಕಪಟವು ಬಂದವನ ಕಡೆಯಲ್ಲಿಯೂ ಇದ್ದುವು. ಮೊದಲನೆಯದಿಲ್ಲದಿದ್ದರೆ ಎರಡನೆಯದು ಹುಟ್ಟುತ್ತಿರಲಿಲ್ಲವೆಂಬುದನ್ನೂ ವಿದ್ಯಾರ್ಥಿಗಳು ಕಾಣಬೇಕು.

ಉಪಾಧ್ಯಾಯನು ಎಚ್ಚರದಿಂದಿರಬೇಕಾದ ಮತ್ತೊಂದು ವಿಷಯವಿದೆ. ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿರೆಂದು ಮಕ್ಕಳಿಗೆ ಹೇಳುವುದು ಸುಲಭ. ಆದರೆ ಕೇಳುವುದೆಂಬುದು ಆ ಹಿರಿಯರಿಗೆ ದ್ವೀಪದ ವಿಚಾರಣೆಯಂತೆಯೇ ತೋರಬಹುದು. ತಮ್ಮ ಕಾಗದಪತ್ರಗಳ ವಿಷಯದಲ್ಲಿ ಭಯವುಳ್ಳ ಮನೆಗಳು ಯಾವ ದೇಶದಲ್ಲಿಯೂ ಇಂದಿಗೂ ಇಲ್ಲದಿಲ್ಲ. ಹೇಳದಿರುವ ಹಕ್ಕನ್ನು ಮೊದಲು ಕೊಟ್ಟು ಅನಂತರ ಕೇಳಿದುದು ಮಾತ್ರ ಪಾಠವಾದೀತು; ಅಂಕಗಳಿಗಾಗಿ ಕಸಿದುಕೊಂಡ ಕಥೆಯು ಮತ್ತೊಂದು ಬಲಾತ್ಕಾರವಷ್ಟೆ.

ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ತೀರದಲ್ಲಿ ಇಂದು ಕನ್ನಡದ ಮನೆಗಳೂ ಅನೇಕವಾಗಿವೆ. 1917ರ ಶಾಸನವು ಭಾರತೀಯ ಕೂಲಿಗಾರರಿಗೂ ಆ ಬಾಗಿಲನ್ನು ಮುಚ್ಚಿದ್ದಿತು. 1946ರಲ್ಲಿ ವರ್ಷಕ್ಕೆ ಸುಮಾರು ನೂರು ಮಂದಿಗೆ ಅದು ತೆರೆಯಿತು. 1965ರ ಶಾಸನದಿಂದ ಜನಾಂಗದ ಅಡ್ಡಿಯು ತೊಲಗಿತು. ಅಲ್ಲಿಯ ಶಾಲೆಗಳಲ್ಲಿ ಓದುವ ಕನ್ನಡದ ಮಕ್ಕಳು ದೋಣಿ ಹತ್ತಿ ಆ ದ್ವೀಪಕ್ಕೆ ಹೋಗಿ, ಬಣ್ಣ ಬಳಿದರೂ ಮರೆಯಾಗದ ಆ ಅಕ್ಷರಗಳನ್ನು ನೋಡಬಹುದು. ತಮ್ಮ ಅಜ್ಜ ಅಜ್ಜಿಯರು ಈ ನಾಡಿನಿಂದ ಬರೆದ ಕಾಗದಗಳೂ, ತಂದೆ ತಾಯಿಗಳು ಹೊರಟ ದಿನದ ನೆನಪುಗಳೂ ಮುಂದೆ ಮೂಲಾಧಾರಗಳಾಗುವುವೆಂಬುದು ಅವರಿಗೆ ಅಲ್ಲಿ ತೋರಿದರೆ ಆಶ್ಚರ್ಯವಿಲ್ಲ. ಹೇಳುವವರು ಇರುವಾಗಲೇ ವಿನಯದಿಂದ ಕೇಳಿ, ಕೇಳಿದುದನ್ನು ತಾರೀಖಿನೊಡನೆ ಬರೆದು, ಕಾಗದಗಳ ಜತೆಗೆ ಒಂದು ಪೆಟ್ಟಿಗೆಯಲ್ಲಿಡುವುದು ಪ್ರತಿಯೊಂದು ಮನೆಗೂ ಸಾಧ್ಯವಾದ ಕಾರ್ಯ.