ಹಂಗಳದ ಸೆರೆಯಿಂದ ಹದಿನೆಂಟು ಚಾವಡಿಗೆ

ಗುಂಡ್ಲುಪೇಟೆಯಿಂದ ಊಟಿಯ ಹಾದಿ ಹಿಡಿದವರಿಗೆ ಹಂಗಳ ಎಂಬ ಊರು ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತಾರೆ. ಚಾಮರಾಜನಗರ ಜಿಲ್ಲೆಯ ಈ ಊರಿಗೂ ಮೈಸೂರು ಸಂಸ್ಥಾನದ ಆಡಳಿತ ವ್ಯವಸ್ಥೆಗೂ ಇರುವ ನಂಟು ಮಾತ್ರ ಅಲ್ಲಿ ಹಾದುಹೋಗುವ ಹೆಚ್ಚಿನವರಿಗೆ ತಿಳಿದಿಲ್ಲ.

1659ರಲ್ಲಿ ಪಟ್ಟಕ್ಕೆ ಬಂದ ದೊಡ್ಡ ಕೆಂಪದೇವರಾಜರು ತಮ್ಮ ಸಹೋದರನನ್ನೂ ಆತನ ಮಗನನ್ನೂ ಹಂಗಳದಲ್ಲಿ ಕಾವಲಿನಲ್ಲಿರಿಸಿದ್ದರು. ಆ ಮಗನೇ 1645ರಲ್ಲಿ ಹುಟ್ಟಿದ ಚಿಕ್ಕದೇವರಾಜ. ಮುಂದೆ 1673ರಲ್ಲಿ ಸಿಂಹಾಸನವೇರಿ, 1704ರಲ್ಲಿ ತೀರಿಕೊಳ್ಳುವವರೆಗೆ ಮೈಸೂರನ್ನು ಆಳಿದ ಅರಸು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ತಂದೆಯ ನೆನಪಿಗಾಗಿ ಆತ ಕಟ್ಟಿಸಿದ್ದು.

ಸೆರೆವಾಸದ ಆ ದಿನಗಳು ವ್ಯರ್ಥವಾಗಲಿಲ್ಲ. ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನ ಒಡನಾಟ ಚಿಕ್ಕದೇವರಾಜನಿಗೆ ದೊರೆತದ್ದು ಆಗಲೇ. ಅಧಿಕಾರ ಕೈಗೆ ಬಂದಾಗ ಅರಸು ಮಾಡಿದ ಮೊದಲ ಆಯ್ಕೆಯೂ ಆತನದೇ. ಕಷ್ಟಕಾಲದ ಗೆಳೆಯನಿಗೆ ಉಪಕಾರ ಸಲ್ಲಿಸಿದ್ದು ಎಂದು ಇದನ್ನು ತಳ್ಳಿಹಾಕಬಹುದಿತ್ತು. ಆದರೆ ಉಳಿದ ಮಂತ್ರಿಗಳ ಹೆಸರುಗಳನ್ನು ನೋಡಿದರೆ ಹಾಗೆನ್ನಲಾಗದು. ಶ್ರೀವೈಷ್ಣವರಾದ ತಿರುಮಲಾರ್ಯ ಮತ್ತು ಚಿಕ್ಕುಪಾಧ್ಯಾಯ, ಯಳಂದೂರಿನ ವೀರಶೈವ ಷಡಕ್ಷರಯ್ಯ, ಲೆಕ್ಕಪತ್ರದಲ್ಲಿ ಪಳಗಿದ ಕರಣಿಕ ಲಿಂಗಣ್ಣಯ್ಯ. ಅರಸು ಸ್ವತಃ ಶ್ರೀವೈಷ್ಣವ ಭಕ್ತ, ಮುಖ್ಯಮಂತ್ರಿ ಜೈನ. ಒಂದೇ ರಾಗ ಹಾಡುವ ಜನರನ್ನು ಸುತ್ತ ಕೂಡಿಸಿಕೊಳ್ಳದೆ ಬೇರೆ ಬೇರೆ ಮತ, ಬೇರೆ ಬೇರೆ ನೈಪುಣ್ಯದವರನ್ನು ಒಂದೇ ಸಭೆಯಲ್ಲಿ ಕೂರಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಯಳಂದೂರಿನವಳೇ ಆದ ಸಂಚಿಯ ಹೊನ್ನಮ್ಮ, ಅರಮನೆಯಲ್ಲಿ ಎಲೆಯಡಿಕೆ ಸಂಚಿ ಹಿಡಿಯುವ ಊಳಿಗದವಳು, 'ಹದಿಬದೆಯ ಧರ್ಮ' ಬರೆದು ಕವಯಿತ್ರಿಯಾದದ್ದೂ ಈ ಆಸ್ಥಾನದಲ್ಲೇ.

ತೀರ್ಮಾನ ಕೈಗೊಳ್ಳುವುದರಲ್ಲಿ ಚಿಕ್ಕದೇವರಾಜ ಲೆಕ್ಕಾಚಾರದ ಮನುಷ್ಯ. ಬೆಂಗಳೂರಿನ ವಿಷಯವೇ ಇದಕ್ಕೆ ಸಾಕ್ಷಿ. ತಂಜಾವೂರಿನಲ್ಲಿ ನೆಲೆಯೂರಿದ್ದ ಏಕೋಜಿಗೆ ದೂರದ ಬೆಂಗಳೂರನ್ನು ಕಾಪಾಡುವುದೇ ಹೊರೆಯಾಗಿತ್ತು. 3 ಲಕ್ಷ ರೂಪಾಯಿಗೆ ಮಾರುವ ಮಾತುಕತೆ ಮೈಸೂರಿನೊಂದಿಗೆ ನಡೆಯುತ್ತಿರುವಾಗಲೇ, 1687ರಲ್ಲಿ, ಮೊಗಲ್ ಸೇನಾನಿ ಖಾಸಿಂ ಖಾನ್ ಊರನ್ನು ಹಿಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮೈಸೂರು ಕತ್ತಿ ಹಿರಿಯಲಿಲ್ಲ. ಅದೇ 3 ಲಕ್ಷವನ್ನು ಮೊಗಲರಿಗೆ ತೆತ್ತು ಬೆಂಗಳೂರನ್ನು ಪಡೆಯಿತು. ಊರೂ ದಕ್ಕಿತು, ದೆಹಲಿಯ ಹಗೆತನವೂ ತಪ್ಪಿತು.

ಆದರೆ ಇಂಥ ವ್ಯವಹಾರಕ್ಕೆ ಬೊಕ್ಕಸ ತುಂಬಿರಬೇಕು. ದಿನವೂ ಸಾವಿರ ವರಹದ ಎರಡು ಚೀಲಗಳು ಖಜಾನೆ ಸೇರಿದ ಮೇಲೆಯೇ ಅರಸು ಊಟಕ್ಕೆ ಏಳುತ್ತಿದ್ದನೆಂಬ ಕಥೆಯಿದೆ. 'ನವಕೋಟಿ ನಾರಾಯಣ' ಎಂಬ ಬಿರುದು ಅಂಟಿಕೊಂಡದ್ದೂ ಹೀಗೆಯೇ. ಆ ವರಹಗಳು ಬಂದದ್ದು ರೈತನ ಹೊಲದಿಂದ. ಬೆಳೆಯಲ್ಲಿ ಆರನೆಯ ಒಂದು ಪಾಲು ಅರಸನದು ಎಂಬುದು ಹಳೆಯ ಕಟ್ಟಳೆ. ಅದನ್ನು ನೇರವಾಗಿ ಏರಿಸಿದರೆ ಕೆಟ್ಟ ಹೆಸರು ಬರುತ್ತದೆ. ಆದ್ದರಿಂದ ಆ ಪಾಲನ್ನು ಮುಟ್ಟದೆ ಸಣ್ಣಪುಟ್ಟ ತೆರಿಗೆಗಳನ್ನು ಒಂದರ ಮೇಲೊಂದು ಹೇರಲಾಯಿತು. ಕಾಗದದ ಮೇಲೆ ದರ ಹಳೆಯದೇ. ರೈತನ ಬೆನ್ನಿನ ಮೇಲೆ ಭಾರ ಮಾತ್ರ ಹೊಸದು.

ರೈತರು ಈ ಜಾಣತನಕ್ಕೆ ಮರುಳಾಗಲಿಲ್ಲ. 1680ರ ದಶಕದಲ್ಲಿ ಅವರು ಉಳುವುದನ್ನೇ ನಿಲ್ಲಿಸಿದರು. ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರೆ ಆ ಊರು ತಿರುಗಿಬಿದ್ದಿದೆ ಎಂದೇ ಅರ್ಥ. ಜಂಗಮರು ಈ ಚಳವಳಿಯ ಮುಂಚೂಣಿಯಲ್ಲಿದ್ದರು. ಅರಸು ಮಾತುಕತೆಯ ನೆಪದಲ್ಲಿ ಅವರನ್ನು ನಂಜನಗೂಡಿಗೆ ಕರೆಸಿ ನಾನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನೆಂದು, ಏಳುನೂರಕ್ಕೂ ಹೆಚ್ಚು ಮಠಗಳನ್ನು ಕೆಡವಿಸಿದನೆಂದು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಅವನ ಗ್ರಂಥದ ಮೊದಲ ಸಂಪುಟ ಹೊರಬಂದದ್ದು 1810ರಲ್ಲಿ. ಘಟನೆಗೂ ಬರಹಕ್ಕೂ ನೂರು ವರ್ಷಕ್ಕೂ ಮಿಕ್ಕಿದ ಅಂತರ. ಹಾಗಾಗಿ ಆ ಸಂಖ್ಯೆಗಳನ್ನು ಎಚ್ಚರದಿಂದಲೇ ಓದಬೇಕು. ದಂಗೆ ಎದ್ದದ್ದು ಮತ್ತು ಅದನ್ನು ನಿರ್ದಯವಾಗಿ ಅಡಗಿಸಿದ್ದು ಮಾತ್ರ ಜನರ ನೆನಪಿನಲ್ಲಿ ಅಳಿಯದೆ ಉಳಿಯಿತು.

ಅದರ ಬೆಲೆಯನ್ನು ತೆತ್ತವನು ವಿಶಾಲಾಕ್ಷ ಪಂಡಿತ. ಈ ಕ್ರಮಗಳಿಗೆಲ್ಲ ಆತನ ಸಲಹೆಯೇ ಕಾರಣವೆಂದು ಜನ ನಂಬಿದ್ದರು. 1686ರಲ್ಲಿ ಆತನ ಕೊಲೆಯಾಯಿತು. ಸಾಯುವ ಮುನ್ನ ತನ್ನ ಸ್ಥಾನಕ್ಕೆ ತಿರುಮಲಾರ್ಯನ ಹೆಸರನ್ನು ಆತನೇ ಸೂಚಿಸಿದನೆಂದು ಹೇಳುತ್ತಾರೆ. ಜೈನ ಮಂತ್ರಿ ಶ್ರೀವೈಷ್ಣವನ ಹೆಸರು ಹೇಳಿದ್ದು, ಅರಸು ಅದನ್ನು ಒಪ್ಪಿದ್ದು ಗಮನಾರ್ಹ. ಒಬ್ಬ ಮನುಷ್ಯ ಹೋದರೆ ಕೆಲಸ ನಿಲ್ಲದಂತೆ ಇನ್ನೊಬ್ಬ ಸಿದ್ಧನಿದ್ದ.

ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಈ ಎಚ್ಚರಕ್ಕೆ ಒಂದು ಗಟ್ಟಿ ರೂಪ ಬಂತು. ಲಿಂಗಣ್ಣಯ್ಯನ ಮುಂದಾಳುತನದಲ್ಲಿ ಔರಂಗಜೇಬನ ಬಳಿಗೆ ಹೋದ ನಿಯೋಗ 1700ರ ವೇಳೆಗೆ ಹಿಂದಿರುಗಿತೆಂದೂ, ಅದು ಕಂಡುಬಂದ ಮೊಗಲ್ ಕಚೇರಿಗಳ ಮಾದರಿಯಲ್ಲೇ ಮೈಸೂರಿನ 'ಅಠಾರಾ ಕಚೇರಿ' ಏರ್ಪಟ್ಟಿತೆಂದೂ ಪ್ರತೀತಿ. ಅಠಾರಾ ಎಂದರೆ ಹದಿನೆಂಟು. ಅಲ್ಲಿಯವರೆಗೆ ಅರಸನ ಮುಂದೆ ಒಟ್ಟಿಗೆ ಬಂದು ಬೀಳುತ್ತಿದ್ದ ಕೆಲಸ ಹದಿನೆಂಟು ಚಾವಡಿಗಳಿಗೆ ಹಂಚಿಹೋಯಿತು. ಕಾವೇರಿಯ ತೆಂಕಣ ಸೀಮೆಗೆ ಮೈಸೂರು ಹೋಬಳಿಯ ವಿಚಾರದ ಚಾವಡಿ, ಬಡಗಣಕ್ಕೆ ಪಟ್ಟಣ ಹೋಬಳಿಯ ವಿಚಾರದ ಚಾವಡಿ. ಲೆಕ್ಕಕ್ಕೆ ಆಯಕಟ್ಟಿನ ಚಾವಡಿ, ದಂಡಿಗೆ ಕಂದಾಚಾರದ ಚಾವಡಿ, ತೆರಿಗೆಗೆ ಸುಂಕದ ಚಾವಡಿ. ದೇವಸ್ಥಾನ, ಕಬ್ಬಿಣ, ಹೊಗೆಸೊಪ್ಪುಗಳಿಗೂ ಬೇರೆ ಬೇರೆ ಚಾವಡಿಗಳು. ಅಂಚೆಯ ಕೆಲಸ ಬೇಹಿನ ಚಾವಡಿಯದು. ಓಲೆ ಮುಟ್ಟಿಸುವವನೇ ಸುದ್ದಿಯನ್ನೂ ಮುಟ್ಟಿಸುತ್ತಿದ್ದನೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ರಾಜ್ಯದ ಮೂಲೆಮೂಲೆಯ ಸಂಗತಿ ತಿಳಿಯದೆ ತೀರ್ಮಾನ ಮಾಡಬಾರದೆಂಬ ಎಚ್ಚರ ಅದರಲ್ಲಿದೆ. ಪ್ರಜೆಯ ಮೇಲಿನ ಸಂಶಯವೂ ಇದೆ.

ಇವುಗಳಲ್ಲಿ ಕೆಲವು ಅರಸನಿಗಿಂತ ಬಹುಕಾಲ ಬಾಳಿದವು. ದನಕರುಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ತಳಿಯ ಹೆಸರು ಇಂದಿಗೂ ಉಳಿದಿದೆ. ಮೈಸೂರಿನ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರುವವರೆಗೆ ಸ್ವತಂತ್ರವಾಗಿ ನಡೆಯಿತು.

ಯೋಗ್ಯರನ್ನು ಆರಿಸುವುದು, ಕೆಲಸ ಹಂಚುವುದು, ಹಣದಿಂದ ಆಗುವುದಕ್ಕೆ ರಕ್ತ ಚೆಲ್ಲದಿರುವುದು: ಇಂದು ಕಚೇರಿ, ಕಾರ್ಖಾನೆಗಳ ಮೇಲಧಿಕಾರಿಗಳಿಗೆ ತರಬೇತಿಯಲ್ಲಿ ಹೇಳಿಕೊಡುವ ಬಹುಪಾಲು ಪಾಠಗಳು ಈ ಆಳ್ವಿಕೆಯಲ್ಲಿ ಸಿಗುತ್ತವೆ. ಅದಕ್ಕಿಂತ ದೊಡ್ಡ ಪಾಠ ಅದರ ಸೋಲಿನಲ್ಲಿದೆ. ಬೆಂಗಳೂರಿನ ವಿಷಯದಲ್ಲಿ ಎದುರಾಳಿಯ ಬಲವನ್ನು ಅಳೆದು ತಾಳ್ಮೆ ತೋರಿದ ಅರಸು, ತನ್ನದೇ ರೈತನ ಎದುರು ಆ ತಾಳ್ಮೆಯನ್ನು ತೋರಲಿಲ್ಲ. ಬಲಶಾಲಿಯೊಡನೆ ಚೌಕಾಸಿ, ಬಡವನೊಡನೆ ಬಲಪ್ರಯೋಗ. ಅಧಿಕಾರದಲ್ಲಿರುವವರು ಸುಲಭವಾಗಿ ಜಾರುವ ಹಾದಿ ಇದು.

ಹದಿನೆಂಟು ಚಾವಡಿಗಳ ಪಟ್ಟಿಯಲ್ಲಿ ಮೊದಲು ಬರುವುದು ನಿರೂಪದ ಚಾವಡಿ. ಪ್ರಜೆಗಳ ಅಹವಾಲುಗಳನ್ನು ದಾಖಲಿಸಿ, ಅರಸನಿಗೆ ಅರಿಕೆ ಮಾಡಿ, ಅಪ್ಪಣೆ ಪಡೆಯುವುದು ಅದರ ಕೆಲಸ. ಅದು ಹದಿನೈದು ವರ್ಷ ಮೊದಲೇ ಬಾಗಿಲು ತೆರೆದಿದ್ದರೆ ಊರಬಾಗಿಲುಗಳಲ್ಲಿ ನೇಗಿಲು ತೂಗುವ ಪ್ರಮೇಯ ಬರುತ್ತಿರಲಿಲ್ಲವೇನೋ.