ಅಡುಗೆಮನೆಯ ಉಪಕರಣಗಳಲ್ಲಿ ಕಾಲಿನ ಪಾತ್ರ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಒಂದು ವಿವೇಚನೆ

ತರೀಕೆರೆಗೆ ಸಮೀಪವಾದ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕ್ರಿ.ಶ. 1196ರಲ್ಲಿ ಹೊಯ್ಸಳ ಎರಡನೆಯ ಬಲ್ಲಾಳನ ದಂಡನಾಯಕ ಅಮಿತಯ್ಯನು ಕಟ್ಟಿಸಿದನು. ಅಲ್ಲಿ ದುಡಿದ ರೂವಾರಿ ಮಲ್ಲಿತಮ್ಮನ ಹೆಸರು ಇಂದಿಗೂ ಉಳಿದಿದೆ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟದಲ್ಲಿ ಅರಸರೂ ದಾನಿಗಳೂ ನಮಗೆ ಎದುರಾಗುತ್ತಾರೆ. ಆದರೆ ಇದೇ ಸೀಮೆಯ ಮನೆಮನೆಯಲ್ಲಿ ಬಳಕೆಯಾದ ಈಳಿಗೆಮಣೆಗೆ ಅದರ ರೂಪವನ್ನು ಕೊಟ್ಟವರಾರೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಗ್ರಂಥಗಳ ನೆರವೂ ಇಲ್ಲಿ ಸ್ವಲ್ಪವೇ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದ ಅಡುಗೆಯ ಭಾಗ, ಹದಿನಾರನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ ಇವುಗಳ ಮುಖ್ಯ ಲಕ್ಷ್ಯ ಪಾಕದ ಮೇಲೆ. ಆದುದರಿಂದ ಉಪಕರಣದ ಇತಿಹಾಸವನ್ನು ಉಪಕರಣದಿಂದಲೇ ಓದಬೇಕಾಗುತ್ತದೆ.

ಈಳಿಗೆಮಣೆಯ ರಚನೆ ಸರಳವಾದುದು. ಮರದ ಮಣೆ, ಅದರಲ್ಲಿ ನಾಟಿ ನಿಲ್ಲಿಸಿದ ಬಾಗಿದ ಅಲಗು, ಅಲಗಿನ ತುದಿಯಲ್ಲಿ ಅನೇಕ ವೇಳೆ ತೆಂಗಿನಕಾಯಿ ತುರಿಯುವ ಹಲ್ಲುಗಳು. ಕುಳಿತವಳು ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯುತ್ತಾಳೆ. ಅಲಗಿನ ಬಾಯಿ ಅವಳ ಕಡೆಗಿರುತ್ತದೆ. ಚಾಕುವಿನ ಕೆಲಸದಲ್ಲಿ ಒಂದು ಕೈ ಆಯುಧವನ್ನು, ಇನ್ನೊಂದು ಕೈ ಕಾಯಿಯನ್ನು ಹಿಡಿಯಬೇಕು. ಇಲ್ಲಿ ಆಯುಧವು ನಿಶ್ಚಲ, ಪದಾರ್ಥವೇ ಚಲಿಸುವುದು. ಎರಡು ಕೈಗಳೂ ಬಿಡುವಾಗಿರುವುದರಿಂದ ಮಣಿಕಟ್ಟಿಗೆ ಬೀಳಬೇಕಾದ ಶ್ರಮವನ್ನು ತೋಳೂ ಹೆಗಲೂ ಹಂಚಿಕೊಳ್ಳುತ್ತವೆ. ದೊಡ್ಡ ಕುಂಬಳಕಾಯಿಯನ್ನಾಗಲಿ ಸಣ್ಣ ಸೊಪ್ಪನ್ನಾಗಲಿ ಅದೇ ಅಲಗು ಹೆಚ್ಚಬಲ್ಲುದು.

ಈ ತತ್ತ್ವವು ಒಂದೇ ಉಪಕರಣಕ್ಕೆ ಸೀಮಿತವಲ್ಲವೆಂಬುದು ಗಮನಾರ್ಹ. ತರೀಕೆರೆಯ ಕಡೆ ಮಲೆನಾಡಿನ ಅಂಚು. ಅಡಿಕೆ ತೋಟಗಳ ಪ್ರದೇಶ. ಹಸಿ ಅಡಿಕೆಯನ್ನು ಸುಲಿಯಲು ಮಲೆನಾಡಿಗರು ಬಳಸುವುದು ಮೆಟ್ಟುಗತ್ತಿ. ಮೆಟ್ಟಿ ಹಿಡಿಯುವ ಕತ್ತಿ ಎಂಬ ಹೆಸರಿನಲ್ಲಿಯೇ ಅದರ ತಂತ್ರವು ಅಡಗಿದೆ. ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ರಾಗಿಯೇ ಪ್ರಧಾನ. ಕುದಿಯುವ ಹಿಟ್ಟನ್ನು ಗಂಟಾಗದಂತೆ ಕೂಡಿಸುವುದು ಬಲದ ಕೆಲಸ. ಒಂದು ಕೈಯಿಂದ ಮಡಕೆಯನ್ನು ಹಿಡಿದು ಮತ್ತೊಂದರಿಂದ ತಿರುವುವುದು ಅಸಾಧ್ಯ. ಇದಕ್ಕೆ ರಾಗಿಸೀಮೆಯ ಹೆಂಗಸರು ಕಂಡುಕೊಂಡ ಉಪಾಯ ಕವೆಗೋಲು. ಕವಲೊಡೆದ ಕೋಲಿನಿಂದ ಮಡಕೆಯನ್ನು ಬಿಗಿಹಿಡಿದು, ಕೋಲನ್ನು ಕಾಲಿನಿಂದ ಅದುಮಿ, ಎರಡು ಕೈಗಳಿಂದಲೂ ಹಿಟ್ಟಿನ ದೊಣ್ಣೆಯನ್ನು ತಿರುವುತ್ತಾರೆ.

ಮಜ್ಜಿಗೆ ಕಡೆಯುವಲ್ಲಿ ಕಾಲಿನ ಸ್ಥಾನವನ್ನು ಕಂಬವು ವಹಿಸುತ್ತದೆ. ಕಡಗೋಲನ್ನು ಕಂಬದ ಕುಣಿಕೆಯು ಹಿಡಿದಿರುವುದರಿಂದ ಕೈಗಳಿಗೆ ಹಗ್ಗವನ್ನು ಎಳೆಯುವುದಷ್ಟೇ ಉಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ಗೋಸಂಪತ್ತಿನ ಇಲಾಖೆಯನ್ನು ‘ಬೆಣ್ಣೆ ಚಾವಡಿ’ ಎಂದು ಕರೆದರು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಿಟ್ಟನು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿದೆ. ಇಲಾಖೆಯ ಚರಿತ್ರೆಯು ದಾಖಲೆಗಳಲ್ಲಿ ದೊರೆಯುತ್ತದೆ, ಕಡಗೋಲಿನದು ದೊರೆಯುವುದಿಲ್ಲ.

ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಹಿಡಿಯುವ ಹೊಣೆಯಿಂದ ಕೈಯನ್ನು ಬಿಡಿಸುವುದೇ ಇವುಗಳ ಸಮಾನ ಸೂತ್ರ. ಇದು ಆಕಸ್ಮಿಕವಲ್ಲ, ತಲೆಮಾರುಗಳ ಕಾಲ ಪದಾರ್ಥದ ಸ್ವಭಾವವನ್ನೂ ದೇಹದ ಶಕ್ತಿಯನ್ನೂ ತೂಗಿ ನೋಡಿದ ಬುದ್ಧಿಯ ಫಲ. ಬಡಗಿ ಕಮ್ಮಾರರು ಇವನ್ನು ಮಾಡಿಕೊಟ್ಟರು. ಆದರೆ ಮಣೆ ಎಷ್ಟು ಅಗಲವಿರಬೇಕು, ಅಲಗು ಎಷ್ಟು ಬಾಗಬೇಕು ಎಂಬುದನ್ನು ದಿನದಿನವೂ ಪರೀಕ್ಷಿಸಿದವರು ಹೆಂಗಸರೇ ಆಗಿದ್ದರೆಂದು ಊಹಿಸಬಹುದು. ಹಾಗೆಂದು ಇವನ್ನು ಅತಿಯಾಗಿ ಹೊಗಳಲಾಗದು. ಈ ಜಾಣ್ಮೆಯು ಶ್ರಮವನ್ನು ಹಂಚಿತೇ ಹೊರತು ಇಲ್ಲವಾಗಿಸಲಿಲ್ಲ. ಗಂಟೆಗಟ್ಟಲೆ ನೆಲದ ಮೇಲೆ ಕುಳಿತ ಮೊಣಕಾಲು ಅದರ ಬೆಲೆಯನ್ನು ತೆತ್ತಿತು.

ನೆಲದ ಅಡುಗೆ ಕಟ್ಟೆಗೆ ಏರಿದಾಗ ಈ ಸೂತ್ರವೇ ಸಡಿಲಿತು. ನಿಂತವಳ ಕಾಲು ಮಣೆಯನ್ನು ಮೆಟ್ಟಲಾರದು. ಚಾಕು ಈಳಿಗೆಯ ಸ್ಥಾನಕ್ಕೆ ಬಂದಿತು. ಬೀಸುವ ಕಲ್ಲಿನ ಕೆಲಸವನ್ನು ಗಿರಣಿಯೂ ಒರಳಿನ ಕೆಲಸವನ್ನು ವಿದ್ಯುದ್ಯಂತ್ರವೂ ವಹಿಸಿಕೊಂಡವು. ಇದು ಸ್ವಾಗತಾರ್ಹವೇ ಸರಿ. ಆದರೆ ಹಳೆಯ ಅಲಗುಗಳು ಗುಜರಿಗೂ ಮಣೆಗಳು ಒಲೆಗೂ ಸೇರುತ್ತಿರುವುದು ಇತಿಹಾಸಕಾರನಿಗೆ ಶಾಸನವೊಂದು ಒಡೆದಂತೆಯೇ ನಷ್ಟ. ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು ಗೃಹೋಪಕರಣಗಳನ್ನು ಕಾಪಾಡಿವೆ. ಆದರೂ ವಸ್ತುವನ್ನು ಹೇಗೆ ಕುಳಿತು, ಎಲ್ಲಿ ಒತ್ತಿ ಬಳಸುತ್ತಿದ್ದರೆಂಬ ಅರಿವು ಗಾಜಿನ ಪೆಟ್ಟಿಗೆಯಲ್ಲಿ ಉಳಿಯದು. ಅದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಮೂರು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಮನೆಯ ಒಂದೊಂದು ಉಪಕರಣದ ಅಳತೆಯನ್ನೂ ಭಾಗಗಳ ಹೆಸರುಗಳನ್ನೂ ಬಳಕೆಯ ಕ್ರಮವನ್ನೂ ಅಜ್ಜಿಯರಿಂದ ಕೇಳಿ ಬರೆದಿಟ್ಟರೆ, ಶಾಸನಸಂಪುಟಗಳ ಪಕ್ಕದಲ್ಲಿ ಇಡಬಹುದಾದ ಮತ್ತೊಂದು ಸಂಪುಟಕ್ಕೆ ಸಾಮಗ್ರಿ ಒದಗುವುದು.