ಪದ ಪರಿಚಯ: ಗುರಿಗಾಬರಿ

ಬಿಲ್ಲುಗಾರರನ್ನು ಕಾಡುವ ‘ಟಾರ್ಗೆಟ್ ಪ್ಯಾನಿಕ್’ಗೆ ಕನ್ನಡದಲ್ಲಿ ‘ಗುರಿಗಾಬರಿ’ ಎನ್ನುವುದೇ ಸರಿ ಎಂಬುದು ನನ್ನ ವಾದ. ‘ಗುರಿ’ ಹಳಗನ್ನಡದ ‘ಗುಱಿ’. ತಮಿಳಿನ ‘ಕುಱಿ’, ತೆಲುಗಿನ ‘ಗುರಿ’ ಅದರ ಒಡಹುಟ್ಟುಗಳು, ನಮ್ಮ ‘ಗುರುತು’ ಕೂಡ ಅದೇ ಬೇರಿನದು. ‘ಗಾಬರಿ’ ಮರಾಠಿಯ ‘ಘಾಬರಣೆ’ಯ ನೆಂಟ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರಿಗೆ ಎರಡೂ ಸ್ವಂತದವೇ. ಸಂಸ್ಕೃತದ ‘ಲಕ್ಷ್ಯಭೀತಿ’ ಸಾಲದೇ ಎನ್ನಬಹುದು. ಆ ಸೀಮೆಯಲ್ಲಿ ‘ಲಕ್ಷ್ಯ ಕೊಡು’ ಎಂದರೆ ಗಮನ ಕೊಡು ಎಂದರ್ಥ. ಯಾವುದರ ಭೀತಿ ಎಂಬುದೇ ಕೇಳಿದವರಿಗೆ ತಿಳಿಯದು.

‘ಭೀತಿ’ಯೂ ಇಲ್ಲಿ ಹೊಂದದು. 70 ಮೀಟರ್ ದೂರದಲ್ಲಿ, 122 ಸೆಂ.ಮೀ. ಅಗಲದ ಗುರಿಯ ನಡುವಿನ ಹಳದಿ ಕಂಡೊಡನೆ ಬೆರಳು ತಾನಾಗಿ ಹೆದೆ ಬಿಟ್ಟುಬಿಡುತ್ತದೆ. ಇಲ್ಲವೇ ಕೈ ಆ ಹಳದಿಯವರೆಗೆ ಏರಲಾರದೆ ಕೆಳಗೇ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಹೆದರಿಕೆಗಿಂತ ತಡಬಡಿಕೆ ಹೆಚ್ಚು, ‘ಗಾಬರಿ’ಯಲ್ಲಿ ಎರಡೂ ಇವೆ. ಪರಿಹಾರವೂ ಇದನ್ನೇ ಹೇಳುತ್ತದೆ: ಗುರಿ ಅಂಟಿಸದ ಬರಿಯ ಹುಲ್ಲುಹಲಗೆಯ ಹತ್ತಿರ ನಿಂತು ಬಾಣ ಬಿಡುವುದು, ಆಮೇಲೆ ಗುರಿ ಹಿಡಿದು ಬಾಣ ಬಿಡದೆಯೇ ಎಳೆದ ಹೆದೆಯನ್ನು ಮೆಲ್ಲನೆ ಸಡಿಲಿಸುವುದು. ಕಾಣುವುದಕ್ಕೂ ಬಿಡುವುದಕ್ಕೂ ಬಿದ್ದ ಗಂಟನ್ನು ನಿಧಾನವಾಗಿ ಬಿಚ್ಚುವ ಅಭ್ಯಾಸವದು. ಬರಿಯ ಧೈರ್ಯದ ಮಾತಿಗೆ ಅದು ಬಿಚ್ಚಿಕೊಳ್ಳದು. ಎರಡು ಭಾಷೆಗಳ ಪದ ಬೆರೆತು ಅರಿಸಮಾಸವಾಯಿತು, ಅದು ಸಲ್ಲದು ಎಂದು ಕೆಲವರು ಆಕ್ಷೇಪಿಸಿಯಾರು. ಆ ಕಟ್ಟಳೆ ಇದ್ದದ್ದು ಸಂಸ್ಕೃತದ ಬೆರಕೆಗೆ. ‘ದಿನಗೂಲಿ’ ಅದನ್ನೂ ದಾಟಿ ಬಾಳುತ್ತಿದೆ, ‘ಚಹಾಪುಡಿ’ಯನ್ನಂತೂ ಯಾರೂ ತಡೆದಿಲ್ಲ. ಈ ಪದ ಬೇಕಾಗುವ ದಿನವೂ ದೂರವಿಲ್ಲ: ಸೊಲ್ಲಾಪುರದ ನೆರೆಯ ಸಾತಾರದ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ ಬಿಲ್ಲುಗಾರಿಕೆಯ ವಿಶ್ವ ಚಾಂಪಿಯನ್ ಆದರು. ಅಕ್ಕಲಕೋಟೆಯ ಕನ್ನಡ ಶಾಲೆಯ ಮಗುವೊಂದು ನಾಳೆ ಬಿಲ್ಲು ಹಿಡಿದು, ಅದರ ಕೈ ಸಿಕ್ಕಿಕೊಂಡಾಗ, ಗುರುಗಳು ಅದನ್ನು ಅಂಜುಬುರುಕತನ ಎನ್ನದೆ ಗುರಿಗಾಬರಿ ಎಂದೇ ಕರೆಯಲಿ.